ಹಕ್ಕಿ ತಿನ್ನದ ತೆನೆ

೧೯೩೮ ಸೆಪ್ಟೆಂಬರ್ ೨೪

ಕಚೇರಿಯ ಕಾಗದಕ್ಕೆಲ್ಲ ಸರ್ಕಾರದ ಫಸಲಿ ಪಂಚಾಂಗದ ತಾರೀಖು ಹಾಕಬೇಕು. ಇದು ನನ್ನ ಸ್ವಂತದ್ದು, ಇಂಗ್ಲಿಷ್ ತಾರೀಖೇ ಇರಲಿ. ಈ ಊರಲ್ಲಿ ಕೂತು ಮಾತಾಡುವಂಥವರು ಒಬ್ಬರೂ ಕಾಣಲಿಲ್ಲ, ಅದಕ್ಕೇ ಬರೆಯಲು ಶುರು ಮಾಡಿದ್ದೇನೆ.

ತಾವರಗೇರಾದಿಂದ ಬಂಡಿಯಲ್ಲಿ ಬಂದು ಇಳಿದಾಗ ಸೊಂಟ ಇದೆಯೋ ಇಲ್ಲವೋ ತಿಳಿಯದ ಹಾಗಾಗಿತ್ತು. ಕಳಕಪ್ಪನೆಂಬ ರೈತನ ಪಡಸಾಲೆಯಲ್ಲಿ ನನ್ನ ಬಿಡಾರ. ಅವನ ಕರಿಮಣ್ಣಿನ ಎರೆಹೊಲದ ಒಂದು ಮೂಲೆಯನ್ನು ಇಲಾಖೆ ಈ ಹಿಂಗಾರಿಗೆ ಹಿಡಿದಿದೆ. ನಾನು ಬೇಸಾಯ ಇಲಾಖೆಯ ಕಾಮದಾರ, ಅಂದರೆ ಹಳ್ಳಿಗಳಲ್ಲಿ ಬೀಜದ ಕೆಲಸ ನೋಡುವ ಸಣ್ಣ ನೌಕರ, ಅದೂ ಹಂಗಾಮಿ. ಕುಷ್ಟಗಿ, ಯಲಬುರ್ಗಾ ಕಡೆಯ ಊರುಗಳಿಂದ ಕೂಡಿಸಿದ ಹದಿನೆಂಟು ಬಗೆಯ ಜೋಳವನ್ನು ಪಕ್ಕಪಕ್ಕದ ಸಾಲುಗಳಲ್ಲಿ ಬಿತ್ತಬೇಕು. ಯಾವುದು ಹೆಚ್ಚು ಕಾಳು ಕೊಡುತ್ತದೋ ಅದನ್ನು ಆರಿಸಿ, ಅದರ ಶುದ್ಧ ಬೀಜವನ್ನು ದೊಡ್ಡ ಫಾರಂಗೆ ಒಪ್ಪಿಸಬೇಕು. ಉಳಿದ ಹದಿನೇಳರ ಗೊಡವೆ ಯಾರಿಗೂ ಬೇಕಿಲ್ಲ, ನನಗೂ ಬೇಕಿಲ್ಲ.

ಬೀಜ ಒಪ್ಪಿಸಿದರೆ ನೌಕರಿ ಖಾಯಂ. ಇಲ್ಲದಿದ್ದರೆ ಹೊಳೆಯ ನಡುವಿನ ವಿರೂಪಾಪುರಗಡ್ಡೆಯಲ್ಲಿ ಮಾವನ ಭತ್ತದ ಗದ್ದೆ ಕಾದಿದೆ. ಮಾವನಿಗೆ ಗಂಡುಮಕ್ಕಳಿಲ್ಲ, ಮನೆಅಳಿಯನಾಗಿ ಇದ್ದುಬಿಡು ಎಂದು ಮದುವೆಯ ಹಂದರದಲ್ಲೇ ಹೇಳಿದ್ದರು. ಖಾಯಂ ಆದ ದಿನ ಬಂದು ಹೆಂಡತಿ ಪಂಪಾವತಿಯನ್ನು ಕರೆದೊಯ್ಯುತ್ತೇನೆ ಎಂದು ನಾನೂ ನಾಲ್ಕು ಜನರೆದುರು ಹೇಳಿ ಹರಗೋಲು ಹತ್ತಿದ್ದೇನೆ. ಆಗ ಅವಳು ನಕ್ಕಳು. ಯಾಕೆ ನಕ್ಕಳೋ ಇನ್ನೂ ತಿಳಿದಿಲ್ಲ.

ಸೆಪ್ಟೆಂಬರ್ ೩೦

ಬಿತ್ತಿದ್ದಾಯಿತು. ಕಳಕಪ್ಪ ಹೆಚ್ಚುಕಡಿಮೆ ಪ್ರತಿಯೊಂದು ಜೋಳಕ್ಕೂ ಒಂದೊಂದು ಹೆಸರು ಹೇಳುತ್ತಾನೆ: ಗುಂಡತೆನಿ, ಬಾಗತೆನಿ, ಕೆಂಜೋಳ, ಅಳ್ಳಿನ ಜೋಳ, ಕಡಬಿನ ಜೋಳ. ಒಂದು ಊರಿನ ಹೆಸರು ಮುಂದಿನ ಊರಿನಲ್ಲಿ ನಡೆಯುವುದಿಲ್ಲ. ಎಲ್ಲಕ್ಕೂ ಅಂಕಿ ಹಾಕಿ ಗೂಟ ನೆಟ್ಟೆ. ಇನ್ನು ಮೇಲೆ ಅಂಕಿಯೇ ಹೆಸರು ಎಂದೆ.

"ಹಂಗಾದ್ರ ನಮ್ಮ ಎತ್ತಿಗೂ ಅಂಕಿ ಹಾಕ್ರಿ, ಕರಿಯೂದು ಹಗರ ಆಕ್ಕೈತಿ" ಅಂದ ಕಳಕಪ್ಪ. ಚೇಷ್ಟೆಯ ಮನುಷ್ಯ.

ಅಕ್ಟೋಬರ್ ೧೯

ಸುಳಿನೊಣ ಬಿದ್ದಿದೆ. ಗಿಡ ಗೇಣುದ್ದ ಆಗುವ ಮೊದಲೇ ನಡುವಿನ ಸುಳಿ ಒಣಗಿ, ಎಳೆದರೆ ಕೈಗೆ ಬರುತ್ತದೆ. ಆರನೆಯ ಸಾಲು ಅರ್ಧಕ್ಕರ್ಧ ಹೋಯಿತು. ಒಂಬತ್ತಕ್ಕೂ ಪೆಟ್ಟು ಬಿದ್ದಿದೆ, ಆದರೆ ಬುಡದಿಂದ ಹೊಸ ಕವಲು ಒಡೆದು ಮೇಲೆದ್ದಿದೆ. ನಾಲ್ಕಕ್ಕೆ, ಅಂದರೆ ಕೆಂಜೋಳಕ್ಕೆ, ಏನೂ ಆಗಿಲ್ಲ. ನೊಣಕ್ಕೂ ಅದು ಸೇರುವುದಿಲ್ಲವೋ ಏನೋ.

ನವೆಂಬರ್ ೨

ಮೂರು ಹೊತ್ತೂ ರೊಟ್ಟಿ. ಹೊಟ್ಟೆ ಕಲ್ಲಾಗಿದೆ. ನಮ್ಮ ಗಂಗಾವತಿ ಕಡೆಯ ಅನ್ನ ಕನಸಿನಲ್ಲಿ ಬಂತು. ಬೇರೇನೂ ಇಲ್ಲ.

ನವೆಂಬರ್ ೨೭

ತೆನೆ ಹಾಯಲು ಶುರುವಾಗಿದೆ. ಹೂವಾಗುವ ಮೊದಲೇ ಆರಿಸಿದ ತೆನೆಗಳಿಗೆ ಬಟ್ಟೆಯ ಚೀಲ ಕಟ್ಟಬೇಕು. ಪಕ್ಕದ ಸಾಲಿನ ಹೂವಿನ ಹುಡಿ ಗಾಳಿಯಲ್ಲಿ ಬಂದು ಕೂತರೆ ಬೀಜ ಬೆರಕೆಯಾಗುತ್ತದೆ. ಬೆರಕೆ ಬೀಜವನ್ನು ಫಾರಂನವರು ಮುಟ್ಟುವುದಿಲ್ಲ. ಕಳಕಪ್ಪನ ಹೆಂಡತಿ ಕಸ್ತೂರೆಮ್ಮ ತೆಳು ಮಲ್ಲುಬಟ್ಟೆಯಲ್ಲಿ ಚೀಲಗಳನ್ನು ಹೊಲಿದುಕೊಟ್ಟಳು. ಎಲ್ಲ ಸಾಲಿನಲ್ಲೂ ಮೂರು ಮೂರು ತೆನೆಗೆ ಕಟ್ಟಿ, ಒಂಬತ್ತರಲ್ಲಿ ಮಾತ್ರ ಕೈತುಂಬ ಕಟ್ಟಿದೆ. ಗೆಲ್ಲುವುದು ಅದೇ ಎಂದು ನನಗೆ ಈಗಲೇ ಗೊತ್ತಾಗಿದೆ.

ಹಕ್ಕಿ ಕಾಯಲು ಸಣ್ಣವ್ವ ಬಂದಿದ್ದಾಳೆ. ಮುದುಕಿ, ಹಿಂದೆ ಮುಂದೆ ಯಾರೂ ಇಲ್ಲ. ಚಳಿಗಾಲದಲ್ಲಿ ಒಂದಾದ ಮೇಲೆ ಒಂದು ಹೊಲ ಕಾಯ್ದು, ಅದರಿಂದಲೇ ವರ್ಷದ ಊಟ ಗಳಿಸುತ್ತಾಳಂತೆ. ಅಟ್ಟಣಿಗೆ ಹತ್ತಿ ಕವಣೆ ಬೀಸಿ ಕೂಗಿದರೆ ನನ್ನ ಎದೆಯೇ ಝಲ್ಲೆನ್ನುತ್ತದೆ, ಇನ್ನು ಗಿಳಿಗಳ ಪಾಡೇನು. ಬಂದವಳೇ ಚೀಲ ನೋಡಿ ಜಗಳ ತೆಗೆದಳು.

"ಯಪ್ಪಾ, ತೆನಿಗೆ ಉಸರ ಕಟ್ಟೂದಿಲ್ಲೇನು? ಯಾಕ ಕಟ್ಟೀರಿ ಇವನ್ನ?"

ಹುಡಿ, ಬೆರಕೆ ಎಂದೆಲ್ಲ ಇವಳಿಗೆ ಬಿಡಿಸಿ ಹೇಳುತ್ತ ಕೂರಲು ನನಗೆ ಹೊತ್ತಿಲ್ಲ. "ಅವು ಮ್ಯಾಲಿನ ಸಾಹೇಬರ ತೆನಿ. ಯಾರೂ ಮುಟ್ಟಬಾರದು" ಎಂದೆ.

"ಹಂಗನ್ರಿ ಮತ್ತ" ಎಂದು ಸುಮ್ಮನಾದಳು. ಕಳಕಪ್ಪನೂ ತಲೆಯಾಡಿಸಿದ. ಅಧಿಕಾರದ ಮಾತು ಇಲ್ಲಿ ಬೇಗ ನಾಟುತ್ತದೆ.

ಡಿಸೆಂಬರ್ ೨೧

ಎಳ್ಳಮಾವಾಸ್ಯೆ. ಹಬ್ಬದಡುಗೆಯನ್ನು ಭೂಮಿತಾಯಿಗೆಂದು ಹೊಲದಲ್ಲಿ ಎರಚಿ ಚರಗ ಚೆಲ್ಲಿದರು. ಸಜ್ಜಿರೊಟ್ಟಿ, ಎಣ್ಣೆಗಾಯಿ ಬದನೆ, ಕಡಬು ಎಲ್ಲ ಇತ್ತು; ಸ್ವಲ್ಪ ಹೆಚ್ಚೇ ಆಯಿತು. ಎರೆ ಬಿರಿದು ಕಾಲು ಸಿಕ್ಕಿಕೊಳ್ಳುವಷ್ಟು ಒಣಗಿದರೂ ಬಾಗತೆನಿ (೧೧) ಬುಡದವರೆಗೆ ಹಸಿರಾಗಿದೆ. ಎತ್ತುಗಳು ಬದುವಿನಿಂದಲೇ ಅದಕ್ಕೆ ಬಾಯಿ ಚಾಚುತ್ತವೆ. ಒಂಬತ್ತರ ಎಲೆ ಕೆಳಗಿನಿಂದ ಒಣಗುತ್ತಿದೆ, ತೆನೆ ಮಾತ್ರ ದಪ್ಪ.

ಸಣ್ಣವ್ವ ಹಬ್ಬದೂಟಕ್ಕೂ ಅಟ್ಟಣಿಗೆ ಇಳಿಯಲಿಲ್ಲ. ಒಂಬತ್ತರ ಕಾಳು ಸಿಹಿಯಂತೆ, ಹಕ್ಕಿಗಳ ಕಣ್ಣೆಲ್ಲ ಅದರ ಮೇಲೇ ಇರುತ್ತದಂತೆ. ಕಸ್ತೂರೆಮ್ಮ ಕೆಲಸದಲ್ಲಿದ್ದಳೆಂದು ಬುತ್ತಿಯನ್ನು ನಾನೇ ಒಯ್ದುಕೊಟ್ಟೆ.

೧೯೩೯ ಜನವರಿ ೮

ಇವತ್ತು ಬರೆಯಬಾರದು ಅಂದುಕೊಂಡಿದ್ದೆ. ಆದರೂ ಬರೆಯುತ್ತೇನೆ.

ಇನ್ಸ್‌ಪೆಕ್ಟರ್ ಸಾಹೇಬರು ಕುಷ್ಟಗಿಯ ನಮ್ಮ ಇಲಾಖೆ ಕಚೇರಿಯಿಂದ ಬಂದರು. ಜೊತೆಗೆ ಗುಮಾಸ್ತ, ಜವಾನ, ದಾರಿಯಲ್ಲಿ ಸೇರಿಕೊಂಡ ತಾವರಗೇರಾದ ಗೌಡರು, ಅವರ ಹಿಂಬಾಲಕರು. ನಾನು ಮನೆಯಲ್ಲೇ ಕೂರಿಸಿ ಅಳತೆಯ ಲೆಕ್ಕವೆಲ್ಲ ತೋರಿಸಿದೆ. ಅಷ್ಟರಲ್ಲಿ ಕಳಕಪ್ಪ ಬಂದು, ಹೊಲಕ್ಕೆ ದಯಮಾಡಿಸಬೇಕು, ಸೀತನಿ ತಯಾರಾಗಿದೆ ಎಂದ. ಎಳೆಯ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ತಿಕ್ಕಿ ಕಾಳು ಉದುರಿಸಿ ತಿನ್ನುವುದು. ಈ ಕಡೆ ದೊಡ್ಡವರಿಗೆ ಇದಕ್ಕಿಂತ ಮೇಲಾದ ಉಪಚಾರವಿಲ್ಲ. ನನಗೆ ಖುಷಿಯಾಯಿತು. ಸಾಹೇಬರ ಮನಸ್ಸು ಹಗುರಾದರೆ ಖಾಯಂ ಮಾತು ಎತ್ತಬಹುದು ಅಂದುಕೊಂಡೆ.

ಬೇವಿನ ಕೆಳಗೆ ಕಂಬಳಿ ಹಾಸಿದ್ದರು. ಕಸ್ತೂರೆಮ್ಮ ಬಿಸಿ ಕಾಳಿನ ಪಕ್ಕ ಶೇಂಗಾ ಚಟ್ನಿಹಿಂಡಿ, ಬೆಲ್ಲ, ಕೊಬ್ಬರಿ ಇಟ್ಟಳು. ಸಾಹೇಬರು ಒಂದು ಮುಷ್ಟಿ ಬಾಯಿಗೆ ಹಾಕಿ ಕಣ್ಣು ಮುಚ್ಚಿದರು.

"ವಾಹ್! ಬೆಣ್ಣಿ ಹಂಗ ಐತಲ್ರೀ! ಯಾವ ಜೋಳ ಇದು?"

"ಒಂಬತ್ತರದ್ರಿ" ಅಂದ ಕಳಕಪ್ಪ. ಸಾಲಿನಲ್ಲಿ ಚೀಲ ಕಟ್ಟದ ಬಯಲು ತೆನೆಗಳು ಬೇಕಾದಷ್ಟಿವೆ, ಅವನ್ನು ಕಿತ್ತಿರಬೇಕು ಎಂದುಕೊಂಡು ನಾನೂ ಮೂರು ಮುಷ್ಟಿ ತಿಂದೆ. ಮತ್ತೊಂದು ಮುಷ್ಟಿಗೆ ಕೈ ಹಾಕಿದಾಗ ಸಣ್ಣವ್ವ ಬಂದಳು. ಸೆರಗಿನಲ್ಲಿ ಮಡಚಿದ ಬಟ್ಟೆಗಳಿದ್ದವು. ನನ್ನ ಮುಂದೆ ಒಂದರ ಮೇಲೊಂದು ಇಟ್ಟಳು.

"ತಗೋರಿ ಯಪ್ಪಾ, ನಿಮ್ಮ ಚೀಲ. ಒಂದೂ ಹರದಿಲ್ಲ."

ಬಾಯಲ್ಲಿದ್ದದ್ದು ಬಾಯಲ್ಲೇ ಉಳಿಯಿತು. ಕಳಕಪ್ಪನನ್ನು ಬದುವಿಗೆ ಕರೆದು, ಚೀಲದ ತೆನೆ ಎಷ್ಟು ಕಿತ್ತಿರಿ ಎಂದು ಕೇಳಿದೆ.

"ಎಲ್ಲಾ ಕಿತ್ತೀವ್ರಿ. ಉಳದ ಸಾಲಿನವು ಸಾಹೇಬ್ರ ಮಂದಿಗಿ, ಒಂಬತ್ತರವು ಬರೇ ಸಾಹೇಬ್ರಿಗಿ."

"ಯಾರೂ ಮುಟ್ಟಬಾರದು ಅಂದಿದ್ನಲ್ಲೋ!"

"ಯಾರರ ಮುಟ್ಯಾರೇನ್ರಿ? ಸಾಹೇಬ್ರವು ಅಂದ್ರಿ, ಸಾಹೇಬ್ರಿಗಿ ಕೊಟ್ವಿ. ಬಟ್ಟಿ ಕಟ್ಟಿ ಇಟ್ಟಿದ್ದು ಅಂದ್ರ ಮುಡಪು. ಮುಡಪಿನ ಧಣಿ ಬಾಗಲಕ್ಕ ಬಂದ ನಿಂತಾಗ ಬಿಚ್ಚದ ಇರಾಕ ಬರತೈತೇನ್ರಿ?"

ಅವನ ಮನೆಯ ತೊಲೆಗೆ ಒಂದು ಅಕ್ಕಿಯ ಗಂಟು ಕಟ್ಟಿದೆ. ದೇವರಿಗೆ ಹರಕೆ ಹೊತ್ತು ಬಟ್ಟೆಯಲ್ಲಿ ಕಟ್ಟಿಟ್ಟದ್ದು. ಮನೆಯಲ್ಲಿ ಹಿಟ್ಟು ಮುಗಿದ ದಿನವೂ ಅದರ ಕಡೆ ಯಾರೂ ನೋಡುವುದಿಲ್ಲ, ದೇವರ ದಿನ ಬಂದಾಗ ಒಂದು ಕಾಳೂ ಇಟ್ಟುಕೊಳ್ಳದೆ ಬಿಚ್ಚಿ ಕೊಡುತ್ತಾರೆ. ಈ ಪಡಸಾಲೆಯಲ್ಲಿ ಮಲಗಿ ದಿನಾ ಅದನ್ನೇ ನೋಡಿದ್ದೇನೆ. ನನಗೇಕೆ ಹೊಳೆಯಲಿಲ್ಲ?

ಸಾಹೇಬರು ಹೊಟ್ಟೆ ಸವರಿಕೊಂಡು ಹೋದರು. ಖಾಯಂ ಮಾತು ಎತ್ತಲಿಲ್ಲ.

ಜನವರಿ ೯

ದಿನವೆಲ್ಲ ಸಾಲಿನ ನಡುವೆ ನಿಂತಿದ್ದೆ. ಒಂಬತ್ತರ ಬಯಲು ತೆನೆಗಳಿಗೆ ಈಗ ಚೀಲ ಕಟ್ಟಿಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ಕಟ್ಟಿಯೂ ನೋಡಿದೆ. ಆಮೇಲೆ ಬಿಚ್ಚಿದೆ. ಕಳ್ಳತನ ಅನ್ನಿಸಿತು, ಮುಂದಿನ ವರ್ಷ ಫಾರಂನಲ್ಲಿ ಒಂದೇ ಸಾಲಿನಲ್ಲಿ ನಾಲ್ಕು ಬಗೆಯ ತೆನೆ ಎದ್ದು ನಿಂತರೆ ಏನು ಗತಿ ಎಂಬ ಹೆದರಿಕೆಯೂ ಇತ್ತು. ಯಾವುದು ಹೆಚ್ಚು ಎಂದು ಕೇಳಿದರೆ ಹೆದರಿಕೆಯೇ ಹೆಚ್ಚು.

ಜನವರಿ ೧೧

ಕುಷ್ಟಗಿಗೆ ಹೋಗಿ ಇನ್ಸ್‌ಪೆಕ್ಟರ್ ಸಾಹೇಬರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಮೊದಲು ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಒಮ್ಮೆಲೇ ಗಂಭೀರರಾಗಿ ಬಾಗಿಲು ಮುಂದೆ ಮಾಡಿಸಿದರು.

"ಸರ್ಕಾರಿ ಬೀಜ ಇನ್ಸ್‌ಪೆಕ್ಟರ್ ತಿಂದ ಅಂತ ಬರ್ಯಾಕ ಆಗತದೇನು? ಹಕ್ಕಿ ತಿಂದ್ವು ಅಂತ ಬರಿ. ಹಕ್ಕಿ ಮ್ಯಾಲೆ ಯಾರೂ ಕೇಸ್ ಹಾಕೂದಿಲ್ಲ."

ನನ್ನ ನೌಕರಿ ಎಂದೆ. ಅದನ್ನು ನಾನು ನೋಡಿಕೊಳ್ಳುತ್ತೇನೆ, ಬಯಲು ತೆನೆಯ ಬೀಜವನ್ನೇ ಒಪ್ಪಿಸು, ಇಲಾಖೆಯ ದೊಡ್ಡ ಸಾಹೇಬರಿಗೆ ನಾಲ್ಕು ಒಳ್ಳೆಯ ಮಾತು ಹೇಳುತ್ತೇನೆ ಎಂದರು. ಅಲ್ಲೇ ಕೂತು ಬರೆದುಕೊಟ್ಟೆ. ಬರುವಾಗ ಹೆಜ್ಜೆ ಹಗುರಾಗಿತ್ತು. ಹಕ್ಕಿಗಳಿಗೇನು, ಅವು ಓದುವುದಿಲ್ಲ.

ಜನವರಿ ೨೦

ಮೋಡ, ಮಂಜು, ಜಿಟಿಜಿಟಿ ಹನಿ. ಗುಂಡತೆನಿ ಒತ್ತೊತ್ತಾಗಿದ್ದರಿಂದ ನೀರು ಒಳಗೇ ನಿಂತು ಕಾಳು ಕಪ್ಪಾಗಿದೆ. ಬಾಗತೆನಿ ತಲೆ ಕೆಳಗೆ ಹಾಕಿಕೊಂಡು ಇರುವುದರಿಂದ ನೀರೆಲ್ಲ ಇಳಿದುಹೋಗಿದೆ. ಒಂಬತ್ತಕ್ಕೆ ಅಲ್ಲಲ್ಲಿ ಕಪ್ಪು. ಸುಳಿನೊಣದ ದಿನ ಕೆಂಜೋಳ ಗೆದ್ದಿತ್ತು, ನೆಲ ಬಿರಿದಾಗ ಬಾಗತೆನಿ ಗೆದ್ದಿತು. ಹೀಗೆ ಆದರೆ ಒಂದನ್ನು ಆರಿಸುವುದು ಹೇಗೆ? ಕಾಳಿನ ತೂಕದ ಮೇಲೆ ಮಾತ್ರ ಆರಿಸಬೇಕೆಂದು ಹುಕುಂ ಇದೆ, ಆರಿಸುತ್ತೇನೆ.

ಫೆಬ್ರವರಿ ೩

ಕಟಾವು ನಡೆದಿದೆ. ಸಂಜೆ ಸಣ್ಣವ್ವ ಪಡಸಾಲೆಯ ಮೆಟ್ಟಿಲ ಮೇಲೆ ಬಂದು ಕೂತಳು. ಎಂದಿನಂತೆ ಜಗಳ ತೆಗೆಯಲಿಲ್ಲ, ಅದೇ ನನಗೆ ಸರಿಬರಲಿಲ್ಲ.

ತಾವರಗೇರಾದ ಗೌಡರ ತಡವಾಗಿ ಬಿತ್ತಿದ ಜೋಳವನ್ನು ಪ್ರತಿವರ್ಷ ಕಾಯುವವಳು ಅವಳೇ. ಈ ವರ್ಷ ಬೇರೆಯವರನ್ನು ಕರೆದಿದ್ದಾರೆ. ಕಡಲೆ ಹೊಲದವರೂ ಬೇಡ ಅಂದರಂತೆ. ಯಾಕೆಂದು ತಿಳಿಯದೆ ಸಂತೆಗೆ ಹೋಗಿ ವಿಚಾರಿಸಿದ್ದಾಳೆ. ಇನ್ಸ್‌ಪೆಕ್ಟರರ ಜವಾನ ಅಲ್ಲಿ ಎಲ್ಲರಿಗೂ ಹೇಳಿದ್ದಾನೆ: ಮುದುಕಿಗೆ ಕಣ್ಣು ಮಂಜಾಗಿದೆ, ಸರ್ಕಾರದ ತೆನೆಯನ್ನೇ ಹಕ್ಕಿಗೆ ಬಿಟ್ಟಳು, ಕಾಮದಾರರೇ ಬರೆದುಕೊಟ್ಟಿದ್ದಾರೆ.

"ಖರೇ ಏನ್ರಿ ಯಪ್ಪಾ?"

"ಅದು ಕಚೇರಿ ಮಾತು ಸಣ್ಣವ್ವ. ಸುಮ್ನ ಬರಿಯೂದು ಇರತೈತಿ."

"ಸುಮ್ನ ಬರಿಯೂದಾಗಿದ್ರ ನಿಮ್ಮ ಹೆಸರು ಬರೀಬೇಕಿತ್ತು. ನಾ ಕಾಯ್ದ ಹೊಲದಾಗ ಹಕ್ಕಿ ತಿಂದ್ವು ಅಂತ ಯಾಕ ಬರದ್ರಿ? ಹಬ್ಬದ ದಿನಾನೂ ನಾ ಕೆಳಗ ಇಳದಿಲ್ಲ. ಬುತ್ತಿ ತಂದ ಕೊಟ್ಟವ್ರು ನೀವ."

ತಲೆನೋವು ಎಂದು ಒಳಗೆ ಎದ್ದು ಹೋದೆ. ಅವಳು ಎಷ್ಟು ಹೊತ್ತು ಕೂತಿದ್ದಳೋ ನೋಡಲಿಲ್ಲ.

ಫೆಬ್ರವರಿ ೫

ಕಳಕಪ್ಪ ಇವತ್ತು ಚೇಷ್ಟೆಯ ಮಾತಾಡಲಿಲ್ಲ. ಕಸ್ತೂರೆಮ್ಮ ರೊಟ್ಟಿ ಇಟ್ಟು ಹೋದಳು, ಇನ್ನೊಂದು ಹಾಕಲೇ ಎಂದು ಕೇಳಲಿಲ್ಲ. ಇಬ್ಬರಿಗೂ ಗೊತ್ತಾಗಿದೆ. ಹೊಟ್ಟೆ ತುಂಬಲಿಲ್ಲ.

ಫೆಬ್ರವರಿ ೧೨

ತೂಕ ಮುಗಿಯಿತು. ಕಾಳಿನಲ್ಲಿ ಒಂಬತ್ತೇ ಎಲ್ಲಕ್ಕಿಂತ ಮುಂದೆ, ಎರಡನೆಯದಕ್ಕಿಂತ ಕಾಲುಭಾಗ ಹೆಚ್ಚು. ನಾನು ಅಂದುಕೊಂಡದ್ದು ನಿಜವಾಯಿತು. ಕುಣಿಯಬೇಕಾದ ದಿನ.

ದೊಡ್ಡ ಸಾಹೇಬರು ಹದಿನಾರಕ್ಕೆ ತಾವೇ ಬರುತ್ತಾರಂತೆ. ಇನ್ಸ್‌ಪೆಕ್ಟರರು ಹೇಳಿ ಕಳಿಸಿದ್ದಾರೆ: ಎಲ್ಲ ಮಾತಾಡಿದೆ, ಬಯಲು ತೆನೆಯ ಬೀಜವನ್ನೇ ಒಪ್ಪುತ್ತಾರೆ, ಖಾಯಂ ಹುಕುಂ ಜೊತೆಯಲ್ಲೇ ತರುತ್ತಾರೆ, ನೀನು ಬಾಯಿ ಬಿಡದೆ ನಿಂತಿದ್ದರೆ ಸಾಕು. ಪಂಪಾವತಿಗೆ ಸುದ್ದಿ ಮುಟ್ಟಿಸಲು ಗಂಗಾವತಿಯ ಬಂಡಿಯವನನ್ನು ಹುಡುಕಿದೆ. ಸಿಕ್ಕ. ಹದಿನಾರು ಆಗಲಿ ಎಂದು ಏನೂ ಹೇಳದೆ ವಾಪಸು ಬಂದೆ.

ಫೆಬ್ರವರಿ ೧೬

ಕಣದಲ್ಲಿ ಕುರ್ಚಿ ಹಾಕಿದ್ದೆವು. ದೊಡ್ಡ ಸಾಹೇಬರು ವಯಸ್ಸಾದವರು, ಮಾತು ಕಡಿಮೆ. ಕಾಳು ಕೈಯಲ್ಲಿ ಹಿಡಿದು ನೋಡಿದರು, ಹಲ್ಲಿಗೆ ಹಾಕಿ ಕಡಿದರು, ಮೆಚ್ಚಿದರು. ಊರಿನವರೆಲ್ಲ ಸುತ್ತ ನಿಂತಿದ್ದರು, ತಾವರಗೇರಾದ ಗೌಡರೂ ಇದ್ದರು. ಇನ್ಸ್‌ಪೆಕ್ಟರರು ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ಎಲ್ಲ ಸರಿಯಾಗಿ ನಡೆದಿತ್ತು.

ಹೊರಡುವ ಹೊತ್ತಿಗೆ ದೊಡ್ಡ ಸಾಹೇಬರು ಸುಮ್ಮನೆ ಕೇಳಿದರು: "ಚೀಲದ ತೆನಿ ಹಕ್ಕಿಗೆ ಬಿಟ್ಟವರು ಯಾರು?"

ಜವಾನ ಸಣ್ಣವ್ವನ ಕಡೆ ಕೈ ತೋರಿಸಿದ. ಅವಳು ಕಣದ ಅಂಚಿನಲ್ಲಿ ಕೂತಿದ್ದಳು. ಎದ್ದು ನಿಂತಳು. ಬೈಯಲಿಲ್ಲ, ಅಳಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ದೊಡ್ಡ ಸಾಹೇಬರು, "ಇನ್ನ ಮ್ಯಾಲೆ ಈಕಿನ್ನ ಕಾಯಾಕ ಇಡಬ್ಯಾಡ್ರಿ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಗೌಡರು ತಲೆಯಾಡಿಸಿದರು.

"ಹಕ್ಕಿ ತಿಂದಿಲ್ರಿ" ಎಂದು ಯಾರೋ ಅಂದರು. ನಾನೇ ಅಂದಿದ್ದೆ.

ಬಾಯಿ ತೆರೆದ ಮೇಲೆ ಮುಚ್ಚಲು ಬರಲಿಲ್ಲ. "ಅವನ್ನ ತಿಂದವರು ನಾವ್ರಿ. ಇನ್ಸ್‌ಪೆಕ್ಟರ್ ಸಾಹೇಬ್ರು ಹೆಚ್ಚು, ನಾನು ಮೂರು ಮುಷ್ಟಿ. ಗೌಡ್ರೂ ಅಲ್ಲೇ ಕುಂತಿದ್ರು. ಸೀತನಿ ಮಾಡಿ ಕೊಟ್ಟಿದ್ರು, ಭಾಳ ಛಲೋ ಇತ್ತು. ನಾ ಸುಳ್ಳ ಬರದೀನ್ರಿ. ಈಕಿ ಕಾಯ್ದ ಹೊಲದಾಗ ಹಕ್ಕಿ ಒಂದ ಕಾಳೂ ತಿಂದಿಲ್ಲ."

ಹಿಂದಿನಿಂದ ಒಬ್ಬ ನಕ್ಕ, ಮತ್ತೊಬ್ಬ ನಕ್ಕ. ಗೌಡರೂ ಮೀಸೆಯ ಕೆಳಗೆ ನಕ್ಕರು. ಇನ್ಸ್‌ಪೆಕ್ಟರರು ನಗಲಿಲ್ಲ. ದೊಡ್ಡ ಸಾಹೇಬರು ಅವರನ್ನು ನೋಡಿ, ನನ್ನನ್ನು ನೋಡಿ, ಕೈಯಲ್ಲಿದ್ದ ಕಾಳನ್ನು ರಾಶಿಗೆ ಹಾಕಿದರು. ಬೆರಕೆ ಬೀಜ ಬೇಡ ಎಂದರು. ಸುಳ್ಳು ವರದಿ ಬರೆಯುವ ಕಾಮದಾರನೂ ಬೇಡ ಎಂದರು. ಅದರಲ್ಲಿ ತಪ್ಪೇನಿದೆ? ನಾನು ಅವರ ಜಾಗದಲ್ಲಿದ್ದರೂ ಅದನ್ನೇ ಹೇಳುತ್ತಿದ್ದೆ.

 

ಫೆಬ್ರವರಿ ೨೨

ಹುಕುಂ ಬಂತು. ತಿಂಗಳ ಕೊನೆಗೆ ನೌಕರಿ ಮುಗಿಯುತ್ತದೆ. ಸಾಲುಗಳ ಕಾಳನ್ನೆಲ್ಲ ಹೊಲದ ಮಾಲೀಕನಿಗೆ ಬಿಡಬೇಕು.

ಕಳಕಪ್ಪ ಒಂಬತ್ತರ ಕಾಳನ್ನು ಮಾತ್ರ ಬೀಜಕ್ಕೆ ಎತ್ತಿಟ್ಟು, ಉಳಿದದ್ದನ್ನು ಬೀಸಲು ಕೊಡುತ್ತೇನೆ ಎಂದ. ನನಗೆ ಸಿಟ್ಟು ಬಂತು. ಕೆಂಜೋಳ ಬೀಸಿಬಿಟ್ಟರೆ ಸುಳಿನೊಣದ ವರ್ಷ ಏನು ಬಿತ್ತುತ್ತೀ, ಬಾಗತೆನಿ ಇಲ್ಲದಿದ್ದರೆ ಎತ್ತಿಗೆ ಏನು ಹಾಕುತ್ತೀ, ಆರನೆಯದು ಈ ವರ್ಷ ಸೋತಿತೆಂದರೆ ಯಾವ ವರ್ಷವೂ ಗೆಲ್ಲುವುದಿಲ್ಲವೇ ಎಂದು ಅವನ ಜೊತೆ ಕೂಗಾಡಿದೆ.

"ಒಂದ ಬೇಕು ಅಂತ ಬಂದವ್ರು ನೀವ. ಈಗ ಹದಿನೆಂಟೂ ಬೇಕಂತೀರಿ. ಏನಾಗೇತ್ರಿ ನಿಮಗ?"

ಏನೂ ಆಗಿಲ್ಲ ಎಂದೆ. ಹದಿನೆಂಟಕ್ಕೂ ಗಡಿಗೆ ತರಿಸಿ, ಬೂದಿ ಬೆರೆಸಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿದೆವು. ಹೆಸರು ಅವನು ಹೇಳಿದ, ನಾನು ಸುಣ್ಣದಲ್ಲಿ ಬರೆದೆ. ಆರನೆಯದರ ಹೆಸರು ಮಾತ್ರ ಅವನಿಗೂ ಗೊತ್ತಿರಲಿಲ್ಲ; ಯಲಬುರ್ಗಾದ ಕಡೆಯದು. ಕಸ್ತೂರೆಮ್ಮ ಅದಕ್ಕೆ 'ಉಳದ ಬಂದಾಕಿ' ಎಂದು ಹೆಸರಿಟ್ಟಳು.

ಫೆಬ್ರವರಿ ೨೭

ನಾಳೆ ಬೆಳಿಗ್ಗೆ ಬಂಡಿ. ಗಂಗಾವತಿ, ಅಲ್ಲಿಂದ ಗಡ್ಡೆ. ಮಾವನ ಮುಂದೆ ಹೇಗೆ ನಿಲ್ಲುವುದೋ ಗೊತ್ತಿಲ್ಲ. ಬೇಜಾರೇನಿಲ್ಲ ಎಂದು ಬರೆಯಲು ಕೂತೆ. ಬೇಜಾರಿದೆ, ಬಹಳ ಇದೆ.

ಸಂಜೆ ಸಣ್ಣವ್ವ ಬಂದಳು. ಹದಿನಾರರ ನಂತರ ನಾವಿಬ್ಬರೂ ಮಾತಾಡಿರಲಿಲ್ಲ. ಗೌಡರು ಮನೆಗೇ ಆಳು ಕಳಿಸಿದರಂತೆ. ನಾಳೆಯಿಂದ ಅವರ ಹೊಲ. ಕಡಲೆಯವರೂ ಬಂದಿದ್ದರಂತೆ. ಅವರನ್ನು ಕಾಯಿಸಿದ್ದಾಳಂತೆ. ಮೆಟ್ಟಿಲ ಮೇಲೆ ಕೂತು ನನ್ನ ಗಂಟುಮೂಟೆ ನೋಡಿದಳು.

"ಊರಾಗ ಏನು ಕೆಲಸ ಮಾಡ್ತೀರಿ ಯಪ್ಪಾ?"

"ಭತ್ತ. ಮಾವನ ಗದ್ದಿ."

"ಭತ್ತಕ್ಕೂ ಹಕ್ಕಿ ಬರ್ತಾವೇನ್ರಿ?"

"ಬರ್ತಾವ. ಹಿಂಡ ಹಿಂಡ ಬರ್ತಾವ."

ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ನೀವು ಕಾಯಾಕ ಆಗೂದಿಲ್ಲ ಬಿಡ್ರಿ. ತೆನಿ ಹಾದಾಗ ಹೇಳಿ ಕಳಸ್ರಿ, ನಾ ಬರ್ತೀನಿ."

ಈ ಸುತ್ತಿನ ಹೊಲಗಳನ್ನು ಬಿಟ್ಟು ಅವಳು ಎಲ್ಲಿಗೂ ಹೋದವಳಲ್ಲ. ಗಡ್ಡೆ ಎಲ್ಲಿದೆ ಎಂದೂ ಗೊತ್ತಿಲ್ಲ. ಸುತ್ತ ಹೊಳೆ ಇದೆ, ಹರಗೋಲಿನಲ್ಲಿ ಕೂತು ದಾಟಬೇಕು, ಹೆದರಿಕೆಯಾಗುತ್ತದೆ ಎಂದೆ.

"ನೀವು ಕೂಡ್ರೂದಿಲ್ಲೇನು?" ಅಂದಳು.

ಹೇಳಿ ಕಳಿಸುತ್ತೇನೆ ಎಂದೆ.